ಖಾಲಿ ಬಿಟ್ಟಲ್ಲಿ ಆಚಾರ್ರ ಹೆಸರು

ಆಚಾರ್ರ ಹೆಸರನ್ನು ಅಲ್ಲಿ ಹಾಕಿದವಳು ನಾನು. ಯಂತ್ರದ ತಪ್ಪಲ್ಲ, ಯಾರದೋ ಕೈತಪ್ಪೂ ಅಲ್ಲ. ನಾನೇ, ಒಂದು ಮಧ್ಯಾಹ್ನ ಮಂಡಾಳ ಒಗ್ಗರಣೆ ತಿಂದು, ಕೈ ತೊಳೆದುಕೊಂಡು ಬಂದು, ಐದು ಇಂಗ್ಲಿಷ್ ಅಕ್ಷರ ಒತ್ತಿದೆ. ಆ ಐದು ಅಕ್ಷರದಿಂದ, ಮೂವತ್ತು ವರ್ಷಗಳಲ್ಲಿ ಎಷ್ಟೋ ಜನ ಮಾಡಿದ ತಿದ್ದುಪಡಿಗಳೆಲ್ಲ ಒಬ್ಬ ಮನುಷ್ಯನ ತಲೆಗೆ ಬಂದವು. ಅವುಗಳಲ್ಲಿ ಒಂದು ಅನ್ಯಾಯದ್ದಾಗಿತ್ತು. ಅದನ್ನು ಆ ಮನುಷ್ಯ ಮಾಡಿರಲಿಲ್ಲ. ಅದು ಸರಿಯಲ್ಲ ಎಂದು ಅವರೇ ಹಾಳೆಯ ಮೇಲೆ ಬರೆದಿದ್ದರು. ಬರೆದದ್ದನ್ನು ನಾನು ಕಣ್ಣಾರೆ ಓದಿದ್ದೆ. ಕೇಳಿದಾಗ ಹೇಳಲಿಲ್ಲ.

ಇಷ್ಟೇ ವಿಷಯ. ಇಷ್ಟನ್ನು ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಈ ನಡುವೆ ಕೂದಲು ನೆರೆಯಿತು, ಮೊಣಕಾಲು ಹಟ ಹಿಡಿಯಿತು, ನಿವೃತ್ತಿಯಾಗಿ ಶಾಲು ಹೊದಿಸಿಕೊಂಡು ಮನೆಗೂ ಬಂದೆ. ಶಾಲು ಹೊದಿಸಿದ ದಿನ ಯಾರೋ ಭಾಷಣದಲ್ಲಿ, 'ವಿಶಾಲಾಕ್ಷಿಯವರು ಒಂದಕ್ಷರ ಕಳೆಯದೆ ನಮ್ಮ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಉಳಿಸಿದವರು' ಎಂದರು. ನಾನು ತಲೆ ತಗ್ಗಿಸಿದೆ. ವಿನಯ ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊಸಪೇಟೆಯಲ್ಲಿ ಕಾಲುವೆಯ ನೀರು ಹಂಚುವ ಒಂದು ಕಚೇರಿ — ಹೆಸರು ಬೇಡ, ಈಗ ಅದು ಆ ಹೆಸರಿನಲ್ಲೂ ಇಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿಗೆ ಸೇರಿದೆ. ಕಂಪ್ಲಿಯಿಂದ ದಿನಾ ಬೆಳಿಗ್ಗೆ ಬಸ್ಸು. ದಾರಿಯುದ್ದಕ್ಕೂ ಭತ್ತ, ಕಬ್ಬು, ಮತ್ತೆ ಭತ್ತ. ಕಿಟಕಿಯಿಂದ ಕೈ ಚಾಚಿದರೆ ಹಸಿರು ಹತ್ತೀತು ಅನ್ನುವ ಹಾಗೆ. ಅಷ್ಟೆಲ್ಲ ಹಸಿರಿನ ಹಿಂದೆ ನಮ್ಮ ಕಚೇರಿಯ ದಾಖಲೆ ಕೋಣೆಯ ಕೆಲವು ಸಾವಿರ ಹಾಳೆಗಳಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು.

ಕಾಲುವೆಯ ದಂಡೆಯಲ್ಲಿ ಹೊಲಗಳಿಗೆ ನೀರು ಬಿಡುವ ಬಾಯಿಗೆ ತೂಬು ಅನ್ನುತ್ತಾರೆ. ಒಂದೊಂದು ತೂಬಿಗೂ ಒಂದು ಹಾಳೆ. ಯಾವ ಊರು, ಯಾವ ಯಾವ ಹೊಲ, ಯಾರ ಪಾಳಿ ಮೊದಲು, ಯಾರದು ಆಮೇಲೆ — ಎಲ್ಲ ಅದರಲ್ಲಿ. ಪಾಳಿ ಬದಲಾದರೆ ಹಾಳೆಯಲ್ಲಿ ತಿದ್ದಬೇಕು. ಹಾಗೆ ತಿದ್ದಿ ತಿದ್ದಿ ಕೆಲವು ಹಾಳೆಗಳು ಮದುವೆಮನೆಯ ಅಂಗಳದ ಹಾಗೆ ತುಂಬಿಹೋಗಿದ್ದವು. ಊರಿಗೊಂದು ಗಂಟು ಮಾಡಿ, ಕೆಂಪು ಬಟ್ಟೆಯ ರುಮಾಲಿನಲ್ಲಿ ಕಟ್ಟಿ, ಕಪಾಟಿನಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ಇಟ್ಟವರು, ಕಾದವರು ಶ್ರೀನಿವಾಸಾಚಾರ್ರು.

ಎತ್ತರದ, ಒಣಕಲು ಮನುಷ್ಯ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹಣೆಯ ಮೇಲೆ ನಾಮ. ಅವರ ಮನೆತನದವರು ಹಂಪಿಯ ಒಂದು ಗುಡಿಯಲ್ಲಿ ಪೂಜೆ ಮಾಡಿಕೊಂಡು ಬಂದವರು. ತಮ್ಮ ಅದನ್ನೇ ಮುಂದುವರಿಸಿದ್ದ. 'ನಮ್ಮ ತಮ್ಮಗ ದೇವ್ರು, ನನಗ ಹಾಳಿ. ಇಬ್ಬರಿಗೂ ಹೊಟ್ಟಿ ತುಂಬ್ತದ' ಅನ್ನುತ್ತಿದ್ದರು. ಬಂದ ಮೊದಲ ದಿನವೇ ನನಗೊಂದು ಪಾಠ ಆಯಿತು. ಒಂದು ಹಾಳೆಯಲ್ಲಿ ಏನೋ ತಪ್ಪು ಬರೆದು, ಬ್ಲೇಡಿನಿಂದ ಕೆರೆಯಲು ಹೋದೆ. ಆಚಾರ್ರು ಕೈ ಹಿಡಿದೇಬಿಟ್ಟರು.

'ಕೆರೀಬ್ಯಾಡ ತಂಗಿ. ಒಂದಽ ಗೆರಿ ಹಾಕು. ಕೆಳಗಿಂದು ಓದಕ್ಕ ಬರ್ಬೇಕು. ಬಾಜೂಕ ಮೂರು ಬರೀ — ಯಾರು, ಎಂದು, ಯಾಕ.'

ಯಾರು, ಎಂದು, ಯಾಕ. ಸಹಿ, ದಿನಾಂಕ, ಕಾರಣ. ಇದು ಅವರ ಪದ್ಧತಿ. ದೊಡ್ಡ ಸಾಹೇಬರು ಬಂದು ತಿದ್ದಿದರೂ ಅಂಚಿನಲ್ಲಿ ಕಾರಣ ಬರೆಯದೆ ಹಾಳೆಯನ್ನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, 'ಕಾರಣ ಒಂದು ಉಳೀತಲ್ರಿ' ಅನ್ನುವರು, ಎಣ್ಣೆ ತರಲು ಮರೆತವರಿಗೆ ನೆನಪಿಸುವ ಧಾಟಿಯಲ್ಲಿ. ಬೈಸಿಕೊಳ್ಳುವರು. ನಿಂತೇ ಇರುವರು. ಕೊನೆಗೆ ಸಾಹೇಬರೇ ಬರೆದುಕೊಡುವರು.

ನಾನು ಸೇರಿದ ವರ್ಷವೇ ಕಂಪ್ಯೂಟರ್ ಬಂತು. ಅದಕ್ಕೊಂದು ತಂಪು ಕೋಣೆ, ನೆಲಕ್ಕೆ ಜಮಖಾನೆ, ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೆಂಬ ನಿಯಮ. 'ಇದೂ ಒಂದು ಗುಡಿ ಆತಲ್ಲ. ಹಂಗಾರ ನಾ ತಪ್ಪಿಸ್ಕೊಂಡಿಲ್ಲ' ಎಂದು ಆಚಾರ್ರು ನಕ್ಕರು. ಅದನ್ನು ಅಣಿಮಾಡಿಕೊಡಲು ಬಂದಿದ್ದ ತಜ್ಞರು ವಿವರಿಸಿದರು: ತೂಬಿನ ಹಾಳೆಗಳನ್ನೆಲ್ಲ ಇದರೊಳಗೆ ಇಡಬಹುದು, ತಿದ್ದಿದರೆ ಹಳೆಯದು ಅಳಿಯುವುದಿಲ್ಲ, ಬೇಕೆಂದಾಗ ಹತ್ತು ತಿದ್ದುಪಡಿ ಹಿಂದಕ್ಕೆ ಹೋಗಿ ನೋಡಬಹುದು, ಪ್ರತಿ ಸಲ ತಿದ್ದಿದಾಗಲೂ ಅದು ಕೇಳುತ್ತದೆ — ಯಾರು, ಯಾವ ದಿನ, ಏಕೆ.

ಆಚಾರ್ರು ನನ್ನ ಕಡೆ ತಿರುಗಿದರು. ಆ ಮುಖ ನನಗೆ ಇವತ್ತಿಗೂ... ಮಗಳು ಹತ್ತನೇ ಇಯತ್ತೆ ಪಾಸಾದಾಗಲೂ ಅಷ್ಟು ಬೀಗಿರಲಿಕ್ಕಿಲ್ಲ.

'ನನ್ನ ಕೇಳೇ ಮಾಡ್ಯಾರ ನೋಡು ಇದನ್ನ' ಎಂದರು.

ಆ ದಿನದಿಂದ ನಮ್ಮಿಬ್ಬರಿಗೂ ಒಂದೇ ಕೆಲಸ. ಅವರು ರುಮಾಲು ಬಿಚ್ಚಿ ಹಾಳೆಯನ್ನು ಓದುವುದು, ನಾನು ಒತ್ತುವುದು. ಆಗ ಆ ಪರದೆಯ ಮೇಲೆ ಕನ್ನಡ ಬರುತ್ತಿರಲಿಲ್ಲ; ಕನ್ನಡದ ಕಾರಣಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಳಿಸುತ್ತಿದ್ದೆ. ಎಂಥೆಂಥ ಕಾರಣಗಳು. ಒಂದು ಹಾಳೆಯಲ್ಲಿ ಒಂದೇ ಪಾಳಿಯನ್ನು ಎರಡು ಮಾಡಿದ್ದರು: 'ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.' ಮೂರು ವರ್ಷದ ನಂತರ ಅದರ ಮೇಲೊಂದು ಗೆರೆ, ಮತ್ತೆ ಒಂದೇ ಪಾಳಿ: 'ಮಾತಾಡುತ್ತಿದ್ದಾರೆ.' ಅದನ್ನು ಓದಿ ಇಬ್ಬರೂ ನಕ್ಕಿದ್ದೆವು. ಆಚಾರ್ರು ಬರಹ ನೋಡಿಯೇ ಮನುಷ್ಯನನ್ನು ಹೇಳುತ್ತಿದ್ದರು — ಈ ಗೆರೆ ಕಂಪ್ಲಿಯ ಸಾಬರದು, ಅವರು ಒತ್ತಿ ಬರೀತಿದ್ರು, ಹಾಳಿ ಹಿಂದ ಮುಟ್ಟಿ ನೋಡು. ಮುಟ್ಟಿ ನೋಡಿದರೆ ನಿಜ.

ಎಮ್ಮಿಗನೂರಿನ ಗಂಟು ಬಿಚ್ಚಿದ್ದು ಅಂಥದೇ ಒಂದು ದಿನ. ಹದಿನೇಳನೇ ತೂಬಿನ ಹಾಳೆ ಮೇಲೆ ಬಂತು. ಮೊದಲು ಅದರಲ್ಲಿ, ಕಡೆಯ ಹೊಲಕ್ಕೆ ಮೊದಲ ಪಾಳಿ, ತೂಬಿನ ಬಾಯಲ್ಲಿರುವ ಹೊಲಕ್ಕೆ ಕೊನೆಯದು ಎಂದಿತ್ತು. ಕಡೆಗೆ ಮುಟ್ಟುವಷ್ಟರಲ್ಲಿ ಅರ್ಧ ನೀರು ಹಾದಿಯಲ್ಲೇ ಇಂಗುತ್ತದಲ್ಲ, ಅದಕ್ಕೆ. ಅದರ ಮೇಲೆ ಗೆರೆ ಎಳೆದು ತಿರುವುಮುರುವು ಮಾಡಿದ್ದರು — ಬಾಯಿಯ ಹೊಲ ಮೊದಲು, ಕಡೆಯ ಹೊಲ ಕೊನೆಗೆ. ಯಾವಾಗಲೋ ವರ್ಗವಾಗಿ ಹೋಗಿದ್ದ ಒಬ್ಬ ಓವರ್‌ಸಿಯರ್ ಸಹಿ. ಕಾರಣ: 'ಮೌಖಿಕ ಆದೇಶ.' ಅಂದರೆ, ಯಾರೋ ಬಾಯಲ್ಲಿ ಹೇಳಿದರು, ಮಾಡಿದೆ. ಅದರ ಕೆಳಗೆ ಆಚಾರ್ರ ದುಂಡಗಿನ ಸಣ್ಣ ಅಕ್ಷರದಲ್ಲಿ ಎರಡೇ ಮಾತು: 'ಕಾರಣ ಸಾಲದು.'

'ಓವರ್‌ಸಿಯರ್ ಸಹಿ ಕೆಳಗ ಹಿಂಗ ಬರೆದ್ರೆ ಅವರು ಬೈಲಿಲ್ಲೇನ್ರಿ?' ಎಂದು ಕೇಳಿದೆ.

'ಬೈದ್ರು. ಬೈದಿದ್ದಕ್ಕೂ ಕಾರಣ ಸಾಲದು ಅಂದೆ.'

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಮನೆಯಿಂದ ತಂದಿದ್ದ ಅವಲಕ್ಕಿಯ ಡಬ್ಬಿ ನಡುವೆ ಇತ್ತು. ಹೊತ್ತಾಗಿತ್ತು, ಬಸ್ಸಿಗೆ ಹೋಗಬೇಕಿತ್ತು. ಈ ಗಂಟು ನಾಳೆ ಏರಿಸೋಣ ಎಂದು ಮತ್ತೆ ಕಟ್ಟಿಟ್ಟೆವು.

ಕೆಲಸ ಮಾತ್ರ ಸಾಗುತ್ತಿರಲಿಲ್ಲ. ಒಂದು ಹಾಳೆಯಲ್ಲಿ ಹನ್ನೊಂದು ತಿದ್ದುಪಡಿಗಳಿದ್ದರೆ ಹನ್ನೊಂದು ಸಲ ಯಂತ್ರದೊಳಗೆ ಆ ಹಾಳೆಗೆ ಹಾಕಿದ ಬೀಗ ತೆಗೆಯಬೇಕು, ತಿದ್ದಬೇಕು, ಮೂರು ಪ್ರಶ್ನೆಗೆ ಉತ್ತರ ಕೊಡಬೇಕು, ಬೀಗ ಹಾಕಬೇಕು. ಪ್ರತಿ ಸಲವೂ ಯಂತ್ರ ಯೋಚಿಸುತ್ತ ಕೂಡುತ್ತಿತ್ತು. ಈ ಲೆಕ್ಕದಲ್ಲಿ ಮುಗಿಯುವ ಹೊತ್ತಿಗೆ ಆಚಾರ್ರು ನಿವೃತ್ತರಾಗಿರುತ್ತಿದ್ದರು, ನಾನು ಅಜ್ಜಿಯಾಗಿರುತ್ತಿದ್ದೆ. ಹಾಗಾಗಿ ನಾನೊಂದು ದಾರಿ ಹುಡುಕಿದೆ. ಒಂದಿಡೀ ಊರಿನ ತಿದ್ದುಪಡಿಗಳನ್ನೆಲ್ಲ ಮೊದಲು ಒಂದೇ ಉದ್ದನೆಯ ಪಟ್ಟಿಯಾಗಿ ಒತ್ತಿ ಫ್ಲಾಪಿಯಲ್ಲಿ ಇಟ್ಟುಕೊಳ್ಳುವುದು. ಆಮೇಲೆ ನಾನು ಬರೆದ ಒಂದು ಪ್ರೋಗ್ರಾಮು ಅವನ್ನು ತಾರೀಖಿನ ಪ್ರಕಾರ ಜೋಡಿಸಿ, ಹಾಳೆಗೆ ಒಂದೇ ಸಲ ಬೀಗ ತೆಗೆದು, ಸರಸರನೆ ಒಳಗೆ ಇಳಿಸುವುದು. ಅರ್ಧ ದಿನದ ಕೆಲಸ ಒಂದು ಚಹಾದಷ್ಟು ಹೊತ್ತಿಗೆ ಬಂತು. ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇವತ್ತಿಗೂ ಆ ಪ್ರೋಗ್ರಾಮಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ — ಅದನ್ನೂ ಹೇಳಿಬಿಡುತ್ತೇನೆ, ಸುಳ್ಳು ಸಾಕು.

ಆದರೆ ಪಟ್ಟಿಯನ್ನು ಒತ್ತಬೇಕಾದವಳು ನಾನೇ ತಾನೇ. ಹೆಸರು, ದಿನಾಂಕ, ಕಾರಣ. ಕೆಲವು ಸಹಿ ಓದಲು ಬರುತ್ತಿರಲಿಲ್ಲ, ಕೆಲವು ಕಾರಣ ಗೆದ್ದಲಿಗೆ ಹೋಗಿತ್ತು. ಅಲ್ಲಿ ಖಾಲಿ ಬಿಟ್ಟರೆ ಯಂತ್ರ ಒಪ್ಪದೆ ಇಡೀ ಊರಿನ ಪಟ್ಟಿಯನ್ನೇ ತಿರಸ್ಕರಿಸುತ್ತಿತ್ತು. ಅದಕ್ಕೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ: ಯಾವ ಜಾಗ ಖಾಲಿ ಇದೆಯೋ ಅಲ್ಲಿ ನೀನೇ ತುಂಬು. ದಿನಾಂಕ ಖಾಲಿಯಿದ್ದರೆ ಇವತ್ತಿನದು. ಕಾರಣ ಖಾಲಿಯಿದ್ದರೆ 'ಹಳೇ ದಾಖಲೆ.' ಹೆಸರು ಖಾಲಿಯಿದ್ದರೆ...

ಯಾರಾದರೊಬ್ಬರ ಹೆಸರು ಬೇಕಿತ್ತು. ನನ್ನದನ್ನೇ ಹಾಕಬಹುದಿತ್ತು. ಬೆರಳು ಅಲ್ಲಿಗೆ ಹೋಗಿಯೂ ಇತ್ತು. ಆದರೆ ಯಾರೋ ಓದಲು ಬಾರದ ಹಾಗೆ ಗೀಚಿದ್ದಕ್ಕೆ ನಾನೇಕೆ ಹೊಣೆ ಅನ್ನಿಸಿತು. ಹೇಗೂ ಹೆಚ್ಚಿನ ಹಾಳೆಗಳಲ್ಲಿ ಸಹಿ ಆಚಾರ್ರದೇ. ಹೆಸರೂ ಸಣ್ಣದು, ಇಂಗ್ಲಿಷಿನಲ್ಲಿ ಐದೇ ಅಕ್ಷರ. ಹಾಕಿದೆ.

ಮೊದಮೊದಲು ಅದು ನಿಜವಾಗಿಯೂ ಓದಲು ಬಾರದವಕ್ಕೆ ಮಾತ್ರ. ಅಷ್ಟರಲ್ಲಿ ಮೇಲಿನವರು ನೋಡಲು ಬರುತ್ತಾರೆ, ತಿಂಗಳೊಳಗೆ ಎಲ್ಲ ಏರಿರಬೇಕು ಎಂದು ಸಾಹೇಬರು ಹೇಳಿದರು. ನನ್ನ ನೌಕರಿ ಆಗ ಹಂಗಾಮಿ. ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿತ್ತು. ಓದಲು ಬರುವ ಆದರೆ ಉದ್ದವಿರುವ ಕಾರಣಗಳನ್ನು ಬಿಟ್ಟೆ. ಆಮೇಲೆ ಚಿಕ್ಕವನ್ನೂ ಬಿಟ್ಟೆ. ಆಮೇಲೆ ಹೆಸರುಗಳನ್ನೂ. ಕೊನೆಯ ಒಂಬತ್ತು ಊರುಗಳಿಗೆ ಪಾಳಿಗಳನ್ನಷ್ಟೇ ಒತ್ತಿ ಉಳಿದದ್ದೆಲ್ಲ ಖಾಲಿ. ಪ್ರೋಗ್ರಾಮು ತುಂಬಿಕೊಂಡಿತು. ಆ ಒಂಬತ್ತರಲ್ಲಿ, ನಾಳೆ ಎಂದು ಕಟ್ಟಿಟ್ಟು ಹಾಗೇ ಉಳಿದಿದ್ದ ಎಮ್ಮಿಗನೂರೂ ಒಂದು.

ಒಂದು ದಿನ ಆಚಾರ್ರು ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಸಾಲು ಸಾಲಾಗಿ ಅವರದೇ ಹೆಸರು ಮೇಲಕ್ಕೆ ಓಡುತ್ತಿತ್ತು.

'ಎಲ್ಲಾದಕ್ಕೂ ನನ್ನ ಹೆಸರ್ಯಾಕ ತಂಗಿ?'

ಆಗಲಾದರೂ ಹೇಳಬಹುದಿತ್ತು — ಅವಸರ ಆಗಿದೆ ಆಚಾರ್ರೇ, ತಪ್ಪಿದ್ದೇನೆ, ಏನು ಮಾಡೋಣ ಎಂದು. ಅವರು ಬೈಯುತ್ತಿರಲಿಲ್ಲ; ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತು ಮತ್ತೆ ಓದಲು ಶುರುಮಾಡುತ್ತಿದ್ದರು. ಅದು ಗೊತ್ತಿದ್ದೇ ನಾನು ಹೇಳಲಿಲ್ಲ ಅನ್ನಿಸುತ್ತದೆ. ಮತ್ತೆ ಓದುವುದು ನನಗೆ ಬೇಡವಾಗಿತ್ತು.

'ಇಷ್ಟು ವರ್ಷ ಕಾದೋರು ನೀವಲ್ಲೇನ್ರಿ? ಗೌರವಕ್ಕ ಹಾಕೀನ್ರಿ' ಎಂದೆ.

ನಂಬಿದರು. ಕಿವಿಯ ತುದಿ ಕೆಂಪಾಯಿತು. ಸಂತೋಷವಾದಾಗ ಅವರಿಗೆ ಹಾಗಾಗುತ್ತಿತ್ತು. ಆದರೂ ಕಣ್ಣು ಕೊನೆಯ ಸಾಲಿಗೆ ಹೋಯಿತು. 'ಕಾರಣದ ಜಾಗದಾಗ ಏನದ ಅದು?'

'ಹಳೇ ದಾಖಲೆ ಅಂತ್ರಿ.'

'ಹಳೇದಾಗೋದು ಕಾರಣ ಅಲ್ಲಲ್ಲ ತಂಗಿ.'

'ಆಮ್ಯಾಲೆ ತಿದ್ದೋಣ್ರಿ.'

'ನೀ ಅಂತೀಯಂದ್ರ ಆತು' ಎಂದರು.

ಆ ವಾರವೇ ಅವರು ರಜೆ ಹಾಕಿದರು. ಕಮಲಾಪುರದಲ್ಲಿ ಮಗಳು ಪದ್ಮಾಳ ಹೆರಿಗೆ. ಅವರಿಲ್ಲದಾಗ ಸಾಹೇಬರು ನನ್ನ ಮುಂದೆ ಒಂದು ಕಾಗದ ಇಟ್ಟರು: ಮೂಲ ಹಾಳೆಗಳಲ್ಲಿದ್ದ ಎಲ್ಲವೂ ಪೂರ್ತಿಯಾಗಿ ಕಂಪ್ಯೂಟರಿಗೆ ಏರಿದೆ. ಕೆಳಗೆ ನನ್ನ ಸಹಿ ಬೇಕು. ಹಾಕಿದೆ. ಎರಡು ದಿನದಲ್ಲಿ ಹಾಳೆಗಳೆಲ್ಲ ಲಾರಿಯಲ್ಲಿ ಕಾಗದದ ಗಿರಣಿಗೆ ಹೋದವು. ಆಚಾರ್ರು ಪೇಢೆ ಹಿಡಿದುಕೊಂಡು ಬಂದಾಗ ಕಪಾಟುಗಳು ಬರಿದು. ನೆಲದ ಮೇಲೆ ಕೆಂಪು ರುಮಾಲುಗಳ ರಾಶಿ ಮಾತ್ರ ಬಿದ್ದಿತ್ತು. ಅವರು ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ರುಮಾಲು ಕೊಡವಿ ಮಡಿಸಿದರು. ಒಂದನ್ನು ನನಗೆ ಕೊಟ್ಟರು.

'ಮಶೀನ್ ಮ್ಯಾಲೆ ಹೊಚ್ಚು. ಧೂಳು ಆಗಂಗಿಲ್ಲಂತಲ್ಲ ಅದಕ್ಕ.'

ಅದು ಇನ್ನೂ ನನ್ನ ಹತ್ತಿರ ಇದೆ.

ಒಂದು ವರ್ಷದ ಮೇಲೆ ಎಮ್ಮಿಗನೂರಿನಿಂದ ದೊಡ್ಡಬಸಪ್ಪ ಎಂಬ ರೈತರು ಅರ್ಜಿ ಕೊಟ್ಟರು. ಹದಿನೇಳನೇ ತೂಬಿನ ಕಡೆಯ ಹೊಲ ಅವರದು. ನಮ್ಮಪ್ಪನ ಕಾಲದಲ್ಲಿ ಮೊದಲ ಪಾಳಿ ನಮ್ಮದಿತ್ತು, ಕಡೆಯದು ಮಾಡಿದವರು ಯಾರು, ಹೇಳಿ — ಇಷ್ಟೇ ಅವರ ಕೇಳಿಕೆ. ಆಗ ಊರಿಗೆಲ್ಲ ಭತ್ತದ ಹುಚ್ಚು. ಮೊದಲ ನೀರು ಯಾರದೋ ಅವರದೇ ಕೈ ಮೇಲು. ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಕಂಪ್ಯೂಟರಿನಿಂದ ಹದಿನೇಳನೇ ತೂಬಿನ ಪ್ರತಿ ತೆಗೆಸಿದರು. ಪಾಳಿ ತಿರುವುಮುರುವು ಮಾಡಿದ್ದು ಯಾರು? ಆಚಾರ್. ಕಾರಣ? ಹಳೇ ದಾಖಲೆ.

ಆಚಾರ್ರು ಕರೆದಾಗ ಗೆಲುವಾಗಿಯೇ ಬಂದರು. ಪ್ರತಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

'ಹಾಳಿ ತರಿಸ್ರಿ' ಎಂದರು. 'ಹಾಳಿ ಮ್ಯಾಲೆ ನಾ ಬರ್ದೀನಿ.'

'ಹಾಳೆಗಳಿಲ್ಲ. ಎಲ್ಲಾ ಪೂರ್ತಿ ಇದರಲ್ಲೇ ಇದೆ ಅಂತ ಸಹಿಯಾಗಿದೆ' ಎಂದ ಅಧಿಕಾರಿ ನನ್ನ ಕಡೆ ತಿರುಗಿದರು. 'ಏನಮ್ಮಾ, ಈ ಕಂಪ್ಯೂಟರ್ ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರ ಹೆಸರು ಹಾಕುತ್ತದೇನು?'

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು:

'ಇಲ್ರಿ. ಕಂಪ್ಯೂಟರ್ ನಾವು ಹಾಕಿದ್ದನ್ನಽ ತೋರಸ್ತೈತ್ರಿ.'

ಒಂದೊಂದು ಪದವೂ ನಿಜ. ನಿಜವನ್ನೇ ಹೇಳಿ ಒಬ್ಬ ಮನುಷ್ಯನನ್ನು ಮುಳುಗಿಸಬಹುದು ಎಂದು ನನಗೆ ಆವತ್ತು ಗೊತ್ತಾಯಿತು. 'ನಾವು' ಅಂದೆ ನೋಡಿ — ಆ 'ನಾವು' ಎಂಬ ಪದದ ಹಿಂದೆ ನಾನು ಅಡಗಿ ಕೂತೆ. ಅವಲಕ್ಕಿ ಡಬ್ಬಿ ನಡುವೆ ಇಟ್ಟುಕೊಂಡು ನಕ್ಕದ್ದು, 'ಕಾರಣ ಸಾಲದು' ಎಂಬ ಆ ದುಂಡಗಿನ ಅಕ್ಷರ — ಎಲ್ಲ ಕಣ್ಣ ಮುಂದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನುಂಗಿದೆ.

ಆಚಾರ್ರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಯಾವುದೋ ಅಕ್ಷರವನ್ನು ನಾನು ತಪ್ಪಾಗಿ ಓದಿದಾಗ ನೋಡುತ್ತಿದ್ದರಲ್ಲ, ಹಾಗೆ. ತಿದ್ದಿಕೊಳ್ಳುತ್ತೇನೇನೋ ಎಂದು ಸ್ವಲ್ಪ ಕಾದರು. ಆಮೇಲೆ ಪ್ರತಿಯನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು, 'ಹಂಗಾರ ಹಂಗಽ ಇರಲಿ' ಎಂದರು.

ಹೊರಗೆ ಪಡಸಾಲೆಯಲ್ಲಿ ದೊಡ್ಡಬಸಪ್ಪ ನಿಂತಿದ್ದರು. ಆಚಾರ್ರು ಮುಂದೆ ಹಾಯ್ದಾಗ ಅವರೆಂದದ್ದು ಹಿಂದೆಯೇ ಬಂದು ನಿಂತಿದ್ದ ನನಗೂ ಕೇಳಿಸಿತು: 'ಹಣಿಗೆ ಹಾಕ್ಕೊಂಡಿದ್ದು ಸಾಲಲಿಲ್ಲೇನ್ರಿ ಆಚಾರ್ರೆ, ನಮಗೂ ಒಂದು ನಾಮ ಹಾಕಿದ್ರಿ?'

ದೊಡ್ಡಬಸಪ್ಪನವರ ಹೊಲಕ್ಕೆ ಮೊದಲ ಪಾಳಿ ವಾಪಸು ಬಂತು. ಅಂದರೆ ಕೆಟ್ಟದ್ದೇನೂ ಆಗಲಿಲ್ಲವಲ್ಲ, ನೀರು ಸೇರಬೇಕಾದವರಿಗೆ ಸೇರಿತಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಜೀವನವಿಡೀ ಎಲ್ಲರನ್ನೂ ಕಾರಣ ಕೇಳಿದ ಮನುಷ್ಯನಿಗೆ ಕಾರಣ ಕೇಳಿ ನೋಟಿಸು ಹೋಯಿತು. ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಸಾಲು. ನಿವೃತ್ತಿಗೆ ಎಂಟು ತಿಂಗಳಿರುವಾಗ ಸಂಡೂರಿನ ಉಗ್ರಾಣಕ್ಕೆ ವರ್ಗ. ಅದೇ ತಿಂಗಳು ನನ್ನ ನೌಕರಿ ಖಾಯಂ ಆಯಿತು. ಪೇಢೆ ಹಂಚಿದೆ.

ಒಮ್ಮೆ ಮಾತ್ರ ಸಂಡೂರಿಗೆ ಹೋದೆ. ಅದಿರಿನ ಲಾರಿಗಳ ಹಿಂದೆ ಬಸ್ಸು ಕೆಮ್ಮುತ್ತ ಗುಡ್ಡ ಹತ್ತಿತು. ಸಿಮೆಂಟು ಚೀಲ, ತೂಬಿನ ಬಾಗಿಲು, ತಿರುಗಣೆಗಳ ನಡುವೆ ಆಚಾರ್ರು ಕೂತಿದ್ದರು. ಪಂಚೆಯ ಅಂಚು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದೊಂದು ಸಾಮಾನಿಗೂ ರಟ್ಟಿನ ಚೀಟಿ ಕಟ್ಟಿದ್ದರು — ಯಾರು ಒಯ್ದರು, ಎಂದು, ಯಾಕೆ. ನನ್ನನ್ನು ಕಂಡದ್ದೇ ಡಬ್ಬಿ ತೆಗೆದರು. 'ಬಾ ತಂಗಿ, ಕುಂದ್ರು. ಬಸ್ಸಿನಾಗ ಭಾಳ ತ್ರಾಸಾತೇನು? ಮಶೀನು ಹೆಂಗದ?'

'ಚಲೋ ಐತ್ರಿ.'

ಅವಲಕ್ಕಿ ಕೈಗೆ ಹಾಕುತ್ತ, ಹವಾಮಾನ ಕೇಳುವ ಹಾಗೆ ಕೇಳಿದರು: 'ಆಮ್ಯಾಲೆ ತಿದ್ದೋಣ ಅಂದಿದ್ದಿಯಲ್ಲ. ತಿದ್ದಿದ್ಯೇನು?'

ಹೇಳಲೆಂದೇ ಹೋಗಿದ್ದೆ ನಾನು. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋಗಿದ್ದೆ.

'ಹೂನ್ರಿ. ತಿದ್ದೀನ್ರಿ' ಎಂದೆ.

ಕಿವಿಯ ತುದಿ ಕೆಂಪಾಯಿತು. 'ಹಂಗಾರ ಆತು ಬಿಡು' ಎಂದರು. ಆ ಸುಳ್ಳು ಮೊದಲಿನದಕ್ಕಿಂತ ದೊಡ್ಡದು. ಹಾಳೆ ಹೋಗಿದ್ದರೂ ಹದಿನೇಳನೇ ತೂಬಿನ ಆ ಒಂದು ಸಾಲು ನನಗೆ ಬಾಯಿಪಾಠವಿತ್ತು; ವಾಪಸು ಬಂದ ಮರುದಿನವೇ ತಿದ್ದಬಹುದಿತ್ತು. ತಿದ್ದಿದರೆ ಯಂತ್ರ ಕೇಳುತ್ತಿತ್ತು — ಯಾರು, ಯಾವ ದಿನ, ಏಕೆ. ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ಹಳೆಯ ಕಂಪ್ಯೂಟರೂ ಇಲ್ಲ. ಅದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಖಲೆಗಳು ಏರುತ್ತ ಬಂದಿವೆ. ಪ್ರತಿ ಸಲವೂ ಏರಿಸಿದ್ದು ನಾನೇ, ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ, ಒಂದಕ್ಷರವೂ ಚೆಲ್ಲದಂತೆ. ಆ ಐದು ಅಕ್ಷರಗಳೂ ಚೆಲ್ಲಲಿಲ್ಲ.

ಹೋದ ವರ್ಷ ಪದ್ಮಾ ಕಮಲಾಪುರಕ್ಕೆ ಕರೆಸಿಕೊಂಡಳು. ಮನೆ ಸುಣ್ಣ ಮಾಡಿಸುವಾಗ ಅಪ್ಪನ ಟ್ರಂಕು ಬಿಚ್ಚಿದಳಂತೆ. ಕಚೇರಿಯ ಕಾಗದ, ತನಗೆ ತಿಳಿಯುವುದಿಲ್ಲ, ನೋಡಿ ಹೇಳಕ್ಕಾ ಎಂದು ಮುಂದಿಟ್ಟಳು. ಅದೇ ನೋಟಿಸು. ಜೊತೆಗೆ ಅವರು ಕೊಟ್ಟ ಉತ್ತರದ ನಕಲು. ಅದರಲ್ಲಿ ಒಂದೇ ಸಾಲು: 'ನನ್ನ ವಿವರಣೆ ಏನೂ ಇಲ್ಲ.' ಆ ನಕಲಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಆ ದುಂಡಗಿನ ಸಣ್ಣ ಅಕ್ಷರ. ತಮಗೆ ತಾವೇ ಬರೆದುಕೊಂಡದ್ದು. ಬರೆಯದೆ ಇರಲು ಅವರಿಗೆ ಆಗುತ್ತಿರಲಿಲ್ಲ, ಪಾಪ.

'ಯಾರು: ನಾನಲ್ಲ. ಹೇಳದ ಕಾರಣ: ಹುಡುಗಿಯ ನೌಕರಿ ಹೊಸದು.' ಅದರ ಕೆಳಗೆ, ತಮ್ಮದೇ ಕಾರಣವನ್ನು ತಾವೇ ಪರೀಕ್ಷಿಸಿ ಒಪ್ಪಿದಂತೆ, ಇನ್ನೆರಡು ಪದ: 'ಕಾರಣ ಸಾಕು.'

'ಯಾವ ಹುಡುಗಿ ಅಂತ ಗೊತ್ತೇನಕ್ಕಾ?' ಎಂದು ಪದ್ಮಾ ಕೇಳಿದಳು. ನಾನು ಅವಳ ಅಪ್ಪನ ಟ್ರಂಕಿನ ಮೇಲೆ ಕೈಯೂರಿ ಕೂತಿದ್ದೆ. 'ನಾನಽ' ಎಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ. ಆಮೇಲೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಅವಲಕ್ಕಿಯ ತಟ್ಟೆ ಇತ್ತು. ಅದನ್ನು ನಾನು ಹೇಗೆ ತಿಂದೆನೋ...

ಮರುವಾರ ಎಮ್ಮಿಗನೂರಿಗೆ ಹೋದೆ. ದೊಡ್ಡಬಸಪ್ಪನವರು ಈಗ ಕೋಲು ಹಿಡಿದಿದ್ದಾರೆ. ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದರು.

'ಅಂದ್ರ ಆಚಾರ್ರು ನಮ್ ಕಡಿ ಬರ್ದಿದ್ರು?'

'ಹೌದ್ರಿ.'

'ಅವರ್ನ ನಾ ಆ ಮಾತು ಅಂದ್ನಲ್ಲವ್ವಾ.' ಹೊಲದ ಕಡೆ ಮುಖ ತಿರುಗಿಸಿದರು. ಆಮೇಲೆ ನನ್ನನ್ನು ನೋಡಿ, 'ನಾ ಅಂದಾಗ ನೀನು ಅಲ್ಲಽ ನಿಂತಿದ್ದಿ' ಎಂದರು. ಹೌದು, ನಿಂತಿದ್ದೆ. ನೀರು ಕುಡಿ ಎಂದೂ ಅವರು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಕಚೇರಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಸೇವಾ ಪುಸ್ತಕದ ಆ ಸಾಲನ್ನು ತೆಗೆಯಲು ಬರುತ್ತದೋ ಇಲ್ಲವೋ, ನೋಡುತ್ತೇವೆ ಎಂದಿದ್ದಾರೆ. ತೆಗೆಯುವುದು ಬೇಡ ಎಂದೆ. ಕೆರೆಯಬೇಡಿ. ಒಂದು ಗೆರೆ ಹಾಕಿ. ಕೆಳಗಿನದು ಓದಲು ಬರುವಂತಿರಲಿ.

ಆಚಾರ್ರೇ, ನಿಮ್ಮ ಕೆಂಪು ರುಮಾಲನ್ನು ಮೇಜಿನ ಮೇಲೆ ಹಾಸಿಕೊಂಡು ಕೂತಿದ್ದೇನೆ. ಅವತ್ತು ಆಮೇಲೆ ಅಂದದ್ದನ್ನು ಇವತ್ತು ತಿದ್ದುತ್ತಿದ್ದೇನೆ, ನೀವು ಕಲಿಸಿದ ಹಾಗೆಯೇ. ಎಮ್ಮಿಗನೂರು, ಹದಿನೇಳನೇ ತೂಬು. ಆಚಾರ್ ಎಂಬ ಹೆಸರಿನ ಮೇಲೆ ಒಂದೇ ಗೆರೆ. ಪಕ್ಕದಲ್ಲಿ — ಈ ಹೆಸರು ಹಾಕಿದವರು ಯಾರು: ವಿಶಾಲಾಕ್ಷಿ. ಎಂದು: ಅಣ್ಣತಮ್ಮಂದಿರ ಪಾಳಿ ಓದಿ ನಾವು ನಕ್ಕ ವರ್ಷ. ಯಾಕೆ: ಅವಸರವಿತ್ತು, ಆಮೇಲೆ ಹೆದರಿಕೆಯಿತ್ತು.

ಕೆಳಗೆ ನೀವು ಏನು ಬರೆಯುತ್ತಿದ್ದಿರೆಂದು ನನಗೆ ಗೊತ್ತು. ನೀವಿಲ್ಲ; ನಾನೇ ಬರೆಯುತ್ತೇನೆ.

ಕಾರಣ ಸಾಲದು.